ಬೆಟ್ಟದ ಹೊಟ್ಟೆಯ ಟೊಳ್ಳು

ಕಂತು ಒಂಬತ್ತು

"ಮುಟ್ಟಬೇಡಿ! ಕ್ಯಾನು ಕೆಳಗಿಡೇ, ಇಡು ಅಂದೆ!"

ಬುಗ್ಗೆಯ ಕಲ್ಲುಬಾಯಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ, ಮುದುಕಿ ಆಸಿಲ್‌ಕಾನ್ ಅಡ್ಡ ನಿಂತಿದ್ದಳು. ಅವಳ ಹಿಂದೆ ನೀರು ಎಂದಿನಂತೆಯೇ ಸುರಿಯುತ್ತಿತ್ತು. ಬಣ್ಣ ಮಾತ್ರ ಎಂದಿನದಾಗಿರಲಿಲ್ಲ.

ಹಸಿರು. ಪಾಚಿಯ ಹಸಿರಲ್ಲ, ಹುಲ್ಲಿನ ಹಸಿರೂ ಅಲ್ಲ. ಬಿಸಿಲು ಬಿದ್ದ ಕಡೆ ಒಳಗೆ ದೀಪ ಹಚ್ಚಿಟ್ಟಂತೆ ಹೊಳೆಯುವ ಹಸಿರು.

ತನಿಖಾಧಿಕಾರಿ ಬುರುಲ್ ಜೀಪಿನಿಂದಿಳಿದು ಗುಂಪನ್ನು ಸರಿಸಿಕೊಂಡು ಮುಂದೆ ಬಂದಳು. ಭೂವಿಜ್ಞಾನಿ ಕಲ್‌ಮುರ್ಜಾನ ಶವ ಹಳೆಯ ಕ್ವಾರಿಯ ತಳದಲ್ಲಿ ಸಿಕ್ಕಿ ಇನ್ನೂ ವಾರವಾಗಿರಲಿಲ್ಲ. ಕಾಲು ಜಾರಿ ಬಿದ್ದ ಎಂದು ಕಾಶ್ಕಾ-ಬುಲಾಕ್ ಊರಿಗೆ ಊರೇ ಹೇಳುತ್ತಿತ್ತು. ಒಪ್ಪದೆ ಉಳಿದವಳು ಅವಳೊಬ್ಬಳೇ.

"ಯಾವಾಗಿಂದ ಹೀಗಿದೆ, ಅಪಾ?" ಎಂದು ಮುದುಕಿಯನ್ನು ಕೇಳಿದಳು.

"ಬೆಳಗ್ಗೆ ಹಸು ಕರೆದು ಬಂದೆ, ಆಗಲೇ ಹೀಗಿತ್ತು. ನನ್ನ ಕಣ್ಣೇ ಹೋಯ್ತೇನೋ ಅಂದ್ಕೊಂಡೆ." ಮುದುಕಿ ಮುಂದೆ ಬಂದ ಇನ್ನೊಂದು ಕ್ಯಾನನ್ನು ಹಿಂದಕ್ಕೆ ತಳ್ಳಿದಳು. "ವಿಷ ಕಣಮ್ಮ ಇದು. ಯಾರೋ ವಿಷ ಹಾಕಿದ್ದಾರೆ."

"ಗಣಿ ಬರೋಕೆ ಮುಂಚೆಯೇ ವಿಷ ಬಂತು ನೋಡಿ," ಎಂದಳು ಹಿಂದಿನಿಂದ ಒಬ್ಬಳು.

"ಆಹಾ! ಗಂಡ ಮಾಸ್ಕೋದಿಂದ ವಾಪಸ್ ಬರಲಿ ಅಂತ ಸಭೇಲಿ ಗಣಿಗೆ ಮೊದಲು ಕೈ ಎತ್ತಿದೋಳು ನೀನೇ ಅಲ್ವೇನೇ?"

"ಎತ್ತಿದೆ. ನಿನ್ನ ಗಂಡ ಪಕ್ಕದಲ್ಲೇ ಮಲಗಿ ಗೊರಕೆ ಹೊಡೀತಾನೆ, ನಿನಗೇನು ಗೊತ್ತು?"

ಇನ್ನೊಂದು ದಿನವಾಗಿದ್ದರೆ ಜನ ನಗುತ್ತಿದ್ದರು. ಇವತ್ತು ಯಾರೂ ನಗಲಿಲ್ಲ. ಬುಗ್ಗೆ ಬಿಟ್ಟರೆ ಆ ಊರಿಗೆ ಬೇರೆ ನೀರಿಲ್ಲ.

ಬುರುಲ್ ಬೊಗಸೆಯಲ್ಲಿ ನೀರು ಹಿಡಿದು ಮೂಸಿದಳು. ವಾಸನೆ ಇರಲಿಲ್ಲ. ಸೀಸೆಯೊಂದರಲ್ಲಿ ತುಂಬಿಕೊಂಡು ಮುಚ್ಚಳ ಬಿಗಿದಳು.

"ಯಾರೂ ಕುಡೀಬೇಡಿ. ದನಗಳನ್ನೂ ಬಿಡಬೇಡಿ. ಏನು ಅಂತ ಸಂಜೆಯೊಳಗೆ ಹೇಳ್ತೀನಿ."

ಜೀಪಿನತ್ತ ತಿರುಗುವಷ್ಟರಲ್ಲಿ ಯಾರೋ ಅವಳ ತೋಳು ಮುಟ್ಟಿದರು. ಮಸೀದಿ ನೋಡಿಕೊಳ್ಳುವ ಇಶೆನ್‌ಬಾಯ್. ಊರಲ್ಲಿ ಯಾರೇ ಗಂಡಸು ಸತ್ತರೂ ಮೈ ತೊಳೆದು ಬಟ್ಟೆ ಸುತ್ತುವವನು ಅವನೇ. ಅವನ ಮುಖ ಸುಣ್ಣದಂತೆ ಬಿಳಿಚಿತ್ತು.

"ತಂಗಿ, ಒಂದು ಮಾತು. ಈ ಕಡೆ ಬಾ."

ಇಬ್ಬರೂ ಪಾಪ್ಲಾರ್ ಮರಗಳ ನೆರಳಿಗೆ ಹೋದರು.

"ಹೇಳಿ, ಬೈಕೆ," ಎಂದಳು ಬುರುಲ್. ಹಿರಿಯ ಗಂಡಸರಿಗೆ ಅಲ್ಲಿ 'ಅಣ್ಣಾ' ಅನ್ನುವುದು ಹಾಗೆಯೇ.

"ಈ ಬಣ್ಣ ನಾನು ಮೊದಲೇ ನೋಡಿದ್ದೀನಿ."

"ಎಲ್ಲಿ?"

"ಸತ್ತವನ ಕೈಯಲ್ಲಿ." ಅವನು ತನ್ನ ಅಂಗೈಗಳನ್ನು ತಾನೇ ನೋಡಿಕೊಂಡ. "ಕಲ್‌ಮುರ್ಜಾನ ಮೈ ತೊಳೀತಿದ್ದೆ. ಉಗುರಿನ ಸಂದಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಇತ್ತು. ಇಟ್ಟಿಗೆ ಪುಡಿ ಇರಬೇಕು ಅಂದ್ಕೊಂಡು ನೀರು ಹುಯ್ದೆ. ನೀರು ಹಸಿರಾಗೋಯ್ತು. ಇದೇ ಹಸಿರು."

"ನನಗ್ಯಾಕೆ ಹೇಳ್ಲಿಲ್ಲ?"

"ಹಸಿರು ಸ್ವರ್ಗದ ಬಣ್ಣ ಅಲ್ವೇನಮ್ಮ? ಒಳ್ಳೆ ಮನುಷ್ಯ, ದೇವರು ಗುರುತು ತೋರಿಸಿದ ಅಂದ್ಕೊಂಡೆ. ಅಂಥದ್ದನ್ನ ಬಾಯಿಬಿಟ್ಟು ಹೇಳಬಾರದು ಅಂತ ಸುಮ್ಮನಾದೆ." ಅವನು ಬುಗ್ಗೆಯತ್ತ ಕೈ ತೋರಿಸಿದ. "ಈಗ ಅದೇ ಬುಗ್ಗೇಲಿ ಬಂತು. ಏನಿದರ ಅರ್ಥ?"

ಬುರುಲ್‌ಗೂ ಅರ್ಥ ಗೊತ್ತಿರಲಿಲ್ಲ. ಗೊತ್ತಿರುವವನು ಯಾರೆಂದು ಮಾತ್ರ ಗೊತ್ತಿತ್ತು.

*

ಬೋರು ಕೊರೆಯುವ ತಂಡದ ಮೇಸ್ತ್ರಿ ತುರ್ದಾಕುನ್, ಹಿಂದೆ ಟ್ರ್ಯಾಕ್ಟರುಗಳು ನಿಲ್ಲುತ್ತಿದ್ದ ಶೆಡ್ಡಿನಲ್ಲಿ ಚಹಾ ಕುಡಿಯುತ್ತ ಕುಳಿತಿದ್ದ. ಅವನ ಸುತ್ತ ಮರದ ಪೆಟ್ಟಿಗೆಗಳನ್ನು ಗೋಡೆಯೆತ್ತರಕ್ಕೆ ಪೇರಿಸಿದ್ದರು. ಒಳಗೆ ಅಕ್-ತಾಶ್ ಬೆಟ್ಟದ ಒಡಲಿನಿಂದ ಕೊರೆದು ತೆಗೆದ ಸುಣ್ಣದ ಕಲ್ಲಿನ ದಿಂಡುಗಳು, ಮೇಲಿನದು ಮೊದಲು, ಕೆಳಗಿನದು ಕೊನೆಗೆ, ಸಾಲಾಗಿ ಮಲಗಿದ್ದವು.

ಎರಡು ವರ್ಷದಿಂದ ಊರಿನ ಆಸೆಯೆಲ್ಲ ಈ ಪೆಟ್ಟಿಗೆಗಳಲ್ಲೇ ಇತ್ತು. ಬೆಟ್ಟದ ತಲೆಯ ಮೇಲೆ ಹಿರಿಯರ ಗೋರಿಯಿದೆ, ಬೇಸಿಗೆಯ ಮೇವಿದೆ. ಅದನ್ನು ಒಡೆಯಲು ಜನ ಬಿಡುವುದಿಲ್ಲ. ಆಗ ಕಲ್‌ಮುರ್ಜಾ ಬಂದು, "ತಲೆ ಯಾಕೆ ಒಡೀಬೇಕು? ಪಕ್ಕದಿಂದ ಒಳಗೆ ಹೋಗೋಣ. ದಪ್ಪ ಕಂಬಗಳನ್ನ ಬಿಟ್ಕೊಂಡು ನಡುವಿನ ಕಲ್ಲು ತೆಗೆಯೋಣ. ಮೇಲೆ ಕುರಿ ಮೇಯ್ತಿರ್ತವೆ, ಕೆಳಗೆ ನೀವು ದುಡೀತಿರ್ತೀರಿ. ಹೊರಗೆ ಹಿಮ ಬಿದ್ದರೂ ಒಳಗೆ ಕೆಲಸ ನಿಲ್ಲಲ್ಲ," ಎಂದಿದ್ದ. ಮಾಸ್ಕೋಗೆ ದುಡಿಯಲು ಹೋದ ಗಂಡಂದಿರು ಮನೆಗೆ ಬರುತ್ತಾರೆಂದು ಅಂದು ಸಭೆಯಲ್ಲಿ ಹೆಂಗಸರು ಸಂತೋಷಕ್ಕೆ ಅತ್ತಿದ್ದರು.

"ಬಾ ತಂಗಿ, ಕೂತ್ಕೊ. ರೊಟ್ಟಿ ಮುರಿ," ಎಂದ ತುರ್ದಾಕುನ್.

ಬುರುಲ್ ಸೀಸೆಯನ್ನು ಮೇಜಿನ ಮೇಲಿಟ್ಟಳು.

ತುರ್ದಾಕುನ್‌ನ ಕೈಯಲ್ಲಿದ್ದ ಬಟ್ಟಲು ತುಟಿಯ ಹತ್ತಿರವೇ ನಿಂತಿತು.

"ಬುಗ್ಗೆಯದಾ?"

"ನಾನು ಬುಗ್ಗೆ ಅಂತ ಹೇಳ್ಲೇ ಇಲ್ಲ, ಬೈಕೆ."

ಅವನು ಬಟ್ಟಲನ್ನು ನಿಧಾನವಾಗಿ ಕೆಳಗಿಟ್ಟ. ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದ.

"ವಿಷ ಅಲ್ಲ," ಎಂದ ಕೊನೆಗೆ. "ಜನಕ್ಕೆ ಹೆದರಬೇಡಿ ಅಂತ ಹೇಳು. ನೀರಿನ ದಾರಿ ಹುಡುಕೋ ಬಣ್ಣ. ಒಣಗಿದ್ದಾಗ ಕಿತ್ತಳೆ, ನೆನೆದರೆ ಹಸಿರು. ಒಂದು ಕಡೆ ಸುರೀತಾರೆ, ಎಲ್ಲಿ ಹೊರಗೆ ಬರುತ್ತೆ ಅಂತ ಕಾಯ್ತಾರೆ. ಕಲ್‌ಮುರ್ಜಾ ಬಿಷ್ಕೆಕ್‌ನಿಂದ ತಂದಿದ್ದ."

"ಅವನ ಉಗುರಲ್ಲಿ ಆ ಪುಡಿ ಇತ್ತು. ಅಂದ್ರೆ ಸತ್ತ ದಿನವೇ ಸುರಿದಿದ್ದ. ಇವತ್ತು ಹೊರಗೆ ಬಂತು. ಅಂದ್ರೆ ಬೆಟ್ಟದ ಒಳಗೆ ನೀರು ಹರೀತಿದೆ. ನಮ್ಮ ಬುಗ್ಗೆಯ ನೀರು."

"ಹೂಂ."

"ಗಟ್ಟಿ ಕಲ್ಲಲ್ಲಿ ನೀರು ಹೇಗೆ ಹರಿಯುತ್ತೆ?"

ಬುರುಲ್ ಎದುರಿಗಿದ್ದ ರೊಟ್ಟಿಯನ್ನು ಎರಡಾಗಿ ಮುರಿದಳು. ಹೊರ ಅಂಚಿನ ಚೂರೊಂದನ್ನು ಬಾಯಿಗಿಟ್ಟು, ಆ ಎರಡೂ ತುಂಡುಗಳನ್ನು ಸುಮ್ಮನೆ ಒಂದಕ್ಕೊಂದು ಹೊಂದಿಸಿದಳು. ಮುರಿದ ಅಂಚುಗಳು ಒಂದರೊಳಗೊಂದು ಕೂತವು.

ಅವಳು ರೊಟ್ಟಿ ಅಲ್ಲೇ ಬಿಟ್ಟು ಎದ್ದಳು.

"ಕ್ವಾರಿಯ ಮೇಲಿನ ಬೋರಿನ ಕಲ್ಲು ಯಾವುದು?"

"ತಂಗಿ..."

"ಯಾವುದು ಅಂದೆ."

ತುರ್ದಾಕುನ್ ಕಿಟಕಿಯ ಕೆಳಗಿನ ಪೆಟ್ಟಿಗೆಯತ್ತ ಕೈ ತೋರಿಸಿ ತಲೆ ತಗ್ಗಿಸಿದ.

ಬುರುಲ್ ನೆಲದಲ್ಲಿ ಮಂಡಿಯೂರಿ ಕೂತು ಒಂದೊಂದೇ ದಿಂಡನ್ನು ತೆಗೆದು ಪಕ್ಕದ್ದಕ್ಕೆ ಜೋಡಿಸತೊಡಗಿದಳು. ಮೊದಲನೆಯದರ ಮುರಿದ ತುದಿ ಎರಡನೆಯದಕ್ಕೆ ಕೂತಿತು. ಎರಡನೆಯದು ಮೂರನೆಯದಕ್ಕೆ. ಪೆಟ್ಟಿಗೆಯ ನಡುವಿಗೆ ಬರುತ್ತಿದ್ದಂತೆ ಕಲ್ಲು ಕಲ್ಲಿಗೆ ಹೊಂದಲಿಲ್ಲ. ಎತ್ತ ತಿರುಗಿಸಿದರೂ ನಡುವೆ ಬೆಳಕು ಕಂಡಿತು. ಅದರಾಚೆಯದೂ ಅಷ್ಟೇ. ಬಣ್ಣವೂ ಒಂದು ಛಾಯೆ ಹಳದಿ. ಕೊನೆಯ ಕೆಲವು ಮತ್ತೆ ಒಂದಕ್ಕೊಂದು ಕೂತವು.

"ನಡುವಿನದು ಈ ಬೋರಿನ ಕಲ್ಲಲ್ಲ."

"ಅಲ್ಲ."

"ಇಲ್ಲಿದ್ದ ಕಲ್ಲು ಎಲ್ಲಿ?"

"ಇಲ್ಲಿ ಕಲ್ಲೇ ಇರಲಿಲ್ಲ." ತುರ್ದಾಕುನ್ ಮುಖವನ್ನು ಎರಡೂ ಕೈಯಿಂದ ಉಜ್ಜಿಕೊಂಡ. "ಕೊರೀತಾ ಇದ್ವಿ. ಒಮ್ಮೆಲೇ ಕಂಬಿ ಕೈಯಿಂದ ಕಸಿದ ಹಾಗೆ ಕೆಳಗೆ ಹೋಯ್ತು. ಬಿಟ್ಟ ನೀರೆಲ್ಲ ಮಾಯ. ಕಿವಿ ಇಟ್ಟೆ. ಕೆಳಗೆ ಎಲ್ಲೋ ಗಾಳಿ ಸುಯ್ ಅಂತಿತ್ತು. ಬೆಟ್ಟ ಟೊಳ್ಳು, ತಂಗಿ. ದಕ್ಷಿಣದ ಅರ್ಧ ಪೂರ್ತಿ ಟೊಳ್ಳು."

"ಕಲ್‌ಮುರ್ಜಾ ಎಲ್ಲಿದ್ದ?"

"ಬಿಷ್ಕೆಕ್‌ನಲ್ಲಿ. ಅವನು ಬರೋದರೊಳಗೆ ಬೇರೆ ಬೋರಿನ ಕಲ್ಲು ತಂದು ತುಂಬಿಸಿದೆ. ನಾನೇ. ಯಾರೂ ಹೇಳಿಕೊಡಲಿಲ್ಲ."

"ಯಾಕೆ, ಬೈಕೆ?"

ಅವನು ತಲೆಯೆತ್ತಿದ. ಕಣ್ಣು ಒಣಗಿದ್ದವು.

"ನನ್ನ ದೊಡ್ಡ ಮಗ ಮಾಸ್ಕೋದಲ್ಲಿ ಕಟ್ಟಡದ ಸಾರುವೆಯಿಂದ ಬಿದ್ದು ಸತ್ತಾಗ ಅವನ ಶವದ ಪೆಟ್ಟಿಗೆ ಇಳಿಸೋಕೆ ಏರ್‌ಪೋರ್ಟಿಗೆ ಬಂದಿದ್ದೆಯಲ್ಲ, ನೀನೇ ಜೀಪು ತಂದಿದ್ದೆ. ಮತ್ತೆ ಯಾಕೆ ಅಂತ ನನ್ನ ಕೇಳ್ತೀಯಾ? ಇನ್ನು ಉಳಿದಿರೋನು ಕುಬತ್ ಒಬ್ಬ. ನಮ್ಮ ಬೋರಿಗೆ ನೀರಿನ ಟ್ಯಾಂಕರ್ ಓಡಿಸ್ತಾನೆ. ಗಣಿ ಬಂದ್ರೆ ಇಲ್ಲೇ ಇರ್ತಾನೆ. ಬರದಿದ್ರೆ ಅವನೂ ಅದೇ ವಿಮಾನ ಹತ್ತುತಾನೆ."

ಶೆಡ್ಡಿನ ತಗಡು ಬಿಸಿಲಿಗೆ ಟಪ್ಪೆಂದಿತು. ಬುರುಲ್ ಎದ್ದು ಬಂದು ಅವನೆದುರು ಕುಳಿತಳು. ಆ ಪೆಟ್ಟಿಗೆಯನ್ನು ಹೊತ್ತ ದಿನ ಅವನ ಹೆಗಲು ಅವಳ ಹೆಗಲ ಪಕ್ಕದಲ್ಲೇ ಇತ್ತು. ಆದರೂ ಕೇಳಿದಳು.

"ಕಲ್‌ಮುರ್ಜಾಗೆ ಗೊತ್ತಾಯ್ತು. ಅಲ್ವಾ?"

"ಬಂದ ದಿನವೇ. ನಿನ್ನ ಹಾಗೆ ಜೋಡಿಸಿ ನೋಡಿದ. ಬೈತಾನೆ ಅಂದ್ಕೊಂಡೆ, ಬೈಲಿಲ್ಲ. 'ಬೈಕೆ, ಕಂಬ ಬಿಡೋಣ ಅಂದಿದ್ದೆ, ಕಂಬದ ಬುಡದಲ್ಲಿ ನೆಲ ಬೇಕಲ್ಲ. ನಾಳೆ ಛಾವಣಿ ಕುಸಿದ್ರೆ ಒಳಗಿರೋರು ನಿಮ್ಮ ಮಕ್ಕಳೇ' ಅಂದ." ತುರ್ದಾಕುನ್‌ನ ದನಿ ತಗ್ಗಿತು. "ಉತ್ತರದ ಕಡೆ ಕಲ್ಲು ಚೆನ್ನಾಗಿರಬಹುದು, ಇನ್ನೊಂದು ವರ್ಷ ಕೊರೆದು ನೋಡ್ಬೇಕು ಅಂತಲೂ ಅಂದ. ಕಂಪನಿ ಒಂದು ವರ್ಷ ಕಾಯುತ್ತಾ? ಬೇರೆ ಬೆಟ್ಟ ನೋಡ್ಕೊಳ್ಳುತ್ತೆ. ಕೈ ಮುಗಿದು ಕೇಳ್ಕೊಂಡೆ. 'ಸಭೇಲಿ ನಿಜ ಹೇಳದೆ ನನಗೆ ಬೇರೆ ದಾರಿ ಇಲ್ಲ' ಅಂದುಬಿಟ್ಟ."

"ಆಮೇಲೆ ನೀವೇನು ಮಾಡಿದ್ರಿ?"

"ಮನೆಗೆ ಹೋದೆ. ಊಟಕ್ಕೆ ಕೂತೆ. ತುತ್ತು ಇಳೀಲಿಲ್ಲ. ಹೆಂಡತಿಗೂ ಮಗನಿಗೂ ಎಲ್ಲಾ ಹೇಳಿದೆ. ಹೇಳಿ ಅತ್ತೆ." ಅವನು ಮೇಜಿನ ಮೇಲೆ ಅಂಗೈ ಊರಿದ. "ಆದ್ರೆ ಕಲ್‌ಮುರ್ಜಾನ ಮೈ ಮುಟ್ಟಲಿಲ್ಲ, ಬುರುಲ್. ಈ ರೊಟ್ಟಿಯ ಮೇಲಾಣೆ."

"ಬಣ್ಣ ಸುರಿಯೋವಾಗ ಜೊತೆಗಿರಲಿಲ್ವಾ?"

"ಎಲ್ಲಿ ಸುರಿದ ಅಂತಲೇ ನನಗೆ ಗೊತ್ತಿಲ್ಲ."

"ಬೋರಿನಲ್ಲಿ ತಾನೇ?"

ತುರ್ದಾಕುನ್ ಅವಳನ್ನು ವಿಚಿತ್ರವಾಗಿ ನೋಡಿದ.

"ಬೋರಿನ ಬಾಯಿ ಮುಚ್ಚಿದ್ದು ನಾನೇ. ಕುರಿಮರಿ ಕಾಲು ಸಿಕ್ಕಿಹಾಕ್ಕೊಳ್ಳುತ್ತೆ ಅಂತ ಕಬ್ಬಿಣದ ಮುಚ್ಚಳ ಇಟ್ಟು ವೆಲ್ಡಿಂಗ್ ಮಾಡಿದೆ. ಅವನು ಸಾಯೋ ಹಿಂದಿನ ದಿನ."

"ತೋರಿಸಿ," ಎಂದಳು ಬುರುಲ್.

*

ಮುಚ್ಚಳ ಅವನು ಹೇಳಿದಂತೆಯೇ ಇತ್ತು. ಬೆಸುಗೆಯ ಅಂಚು ಎಲ್ಲೂ ಬಿಟ್ಟಿರಲಿಲ್ಲ. ಬುರುಲ್ ಕುಡಿಯುವ ನೀರಿನ ಬಾಟಲಿಯಿಂದ ಸುತ್ತಲೂ ನೀರು ಚೆಲ್ಲಿದಳು. ಒಣಮಣ್ಣು ನೀರು ಹೀರಿ ಕಪ್ಪಾಯಿತೇ ಹೊರತು ಎಲ್ಲೂ ಹಸಿರು ಮೂಡಲಿಲ್ಲ. ಇಲ್ಲಿ ಆ ಪುಡಿಯ ಒಂದು ಕಣವೂ ಬಿದ್ದಿರಲಿಲ್ಲ.

ಕೆಳಗೆ ಹಳೆಯ ಕ್ವಾರಿ ಬಿಳಿಯ ಬಟ್ಟಲಿನಂತೆ ಬಾಯಿ ತೆರೆದಿತ್ತು. ಕಲ್‌ಮುರ್ಜಾ ಬಿದ್ದಿದ್ದ ಜಾಗದಲ್ಲಿ ಯಾರೋ ಕಲ್ಲಿನ ಗುಪ್ಪೆಯಿಟ್ಟು ಬಟ್ಟೆಯ ಚೂರು ಕಟ್ಟಿದ್ದರು. ಗಾಳಿಗೆ ಅದು ಅಲ್ಲಾಡುತ್ತಿತ್ತು.

"ಇಲ್ಲಿ ಸುರೀಲಿಲ್ಲ ಅಂದ್ರೆ ಮತ್ತೆಲ್ಲಿ?" ಎಂದಳು ಬುರುಲ್. "ನೀರಿನ ಹತ್ತಿರ ಹೋಗೋಕೆ ಬೇರೆ ದಾರಿ ಇದೆಯಾ?"

ತುರ್ದಾಕುನ್ ಟೋಪಿ ತೆಗೆದು ಬೆವರೊರೆಸಿಕೊಂಡ.

"ಇತ್ತು. ನಾನು ಕ್ವಾರಿಗೆ ಸೇರಿದ ಹೊಸತರಲ್ಲಿ. ಸಿಡಿಮದ್ದು ಇಟ್ಟಾಗ ಒಂದು ಕಡೆ ಗೋಡೆ ಒಳಗೆ ಕುಸಿದು ಬಿಲ ಕಾಣಿಸ್ತು. ಒಳಗಿಂದ ತಣ್ಣನೆ ಗಾಳಿ. ಮೇಲಿನವರು ನೋಡಿದರೆ ಕ್ವಾರಿ ನಿಲ್ಲಿಸ್ತಾರೆ ಅಂತ ಸಾಹೇಬರು ಅದೇ ದಿನ ಮುಚ್ಚಿಸಿಬಿಟ್ಟರು. ಮತ್ತೆ ಸಿಡಿಮದ್ದಿಟ್ಟು ಬಂಡೆ ಉರುಳಿಸಿದ್ವಿ. ಗೊತ್ತಿದ್ದೋರೆಲ್ಲ ತೀರಿಕೊಂಡರು. ಉಳಿದಿರೋದು ಇಬ್ಬರೇ."

"ನೀವೊಬ್ರು. ಇನ್ನೊಬ್ರು?"

"ನಾನು ತಂತಿ ಹಿಡ್ಕೊಂಡು ನಿಂತಿದ್ದೆ ಅಷ್ಟೆ." ಅವನು ಅವಳ ಕಣ್ಣು ತಪ್ಪಿಸಿದ. "ಸಿಡಿಮದ್ದು ಇಟ್ಟೋರು ನಿಮ್ಮಪ್ಪ."

ಅಪ್ಪ ಜುಮಾಶ್ ಆ ಕ್ವಾರಿಯಲ್ಲಿ ಜೀವಮಾನವಿಡೀ ಬಂಡೆ ಸಿಡಿಸಿದವನು. ಆ ಸದ್ದಿಗೆ ಕಿವಿ ಅರ್ಧ ಹೋಗಿತ್ತು. ತನಿಖೆ ಶುರುವಾದಂದಿನಿಂದ ದಿನಾ ಸಂಜೆ ಅವಳು ಮನೆಗೆ ಬಂದ ಕೂಡಲೇ, "ಮುಗೀತಾ ಮಗಳೇ? ಕಾಲು ಜಾರಿದ್ದು ತಾನೇ?" ಎಂದು ಕೇಳುತ್ತಿದ್ದ. ಮಗಳು ದಣಿದಿದ್ದಾಳೆಂದು ಮರುಗುತ್ತಿದ್ದಾನೆ ಎಂದೇ ಅವಳು ತಿಳಿದಿದ್ದಳು.

"ನಡೀರಿ," ಎಂದಳು.

ಕ್ವಾರಿಯ ಪೂರ್ವದ ಮೂಲೆಯಲ್ಲಿ, ಮುಳ್ಳುಪೊದೆಗಳ ಹಿಂದೆ, ಬಂಡೆಗಳ ರಾಶಿ. ದೂರದಿಂದ ಯಾರೂ ಎರಡನೆಯ ಸಲ ನೋಡುವಂಥದ್ದಲ್ಲ. ಹತ್ತಿರ ಹೋದಾಗ ಬುರುಲ್‌ಳ ಕಾಲು ತಾನಾಗಿ ನಿಂತಿತು. ಸಣ್ಣ ಕಲ್ಲುಗಳನ್ನು ಎತ್ತಿ ಪಕ್ಕದಲ್ಲಿ ಒಂದರ ಮೇಲೊಂದು ಒಪ್ಪವಾಗಿ ಜೋಡಿಸಿದ್ದರು. ಕೆಲಸ ಗೊತ್ತಿರುವ ಕೈ, ಅವಸರವಿಲ್ಲದ ಕೈ. ನಡುವೆ ಒಬ್ಬ ಮನುಷ್ಯ ಬಾಗಿ ನುಗ್ಗುವಷ್ಟು ಕಿಂಡಿ. ಅದರೊಳಗಿಂದ ತಣ್ಣನೆಯ ಉಸಿರು ಅವಳ ಕಾಲಿಗೆ ತಾಗಿತು.

ಕಿಂಡಿಯ ಪಕ್ಕದ ಬಂಡೆಯ ಮೇಲೆ ಅವಳ ಅಪ್ಪ ಕುಳಿತಿದ್ದ.

ಬಿಳಿಯ ಉಣ್ಣೆಟೋಪಿ ಮಡಿಲಲ್ಲಿತ್ತು. ನಮಾಜಿಗೆ ಹೊರಟವನಂತೆ ಶುಭ್ರವಾದ ಅಂಗಿ ತೊಟ್ಟಿದ್ದ.

"ಬುಗ್ಗೆ ಹಸಿರಾಯ್ತು ಅಂತ ಕೇಳಿದೆ," ಎಂದ. "ಇನ್ನು ನೀನು ಇಲ್ಲಿಗೆ ಬರದೆ ಇರಲ್ಲ ಅಂತ ಗೊತ್ತಾಯ್ತು. ಮನೇಲಿ ಕಾಯೋದು ಚೆನ್ನಾಗಿರಲ್ಲ ಅನ್ನಿಸ್ತು."

"ಅಪ್ಪಾ, ಈ ಬಾಯಿ ತೆಗೆದಿದ್ದು ನೀನಾ?"

"ಕಲ್‌ಮುರ್ಜಾ ಕೇಳಿದ. ಬೆಟ್ಟದ ಒಳಗೆ ಹೋಗೋಕೆ ದಾರಿ ಇದೆಯಾ, ನಿಜ ಏನು ಅಂತ ಜನಕ್ಕೆ ತೋರಿಸ್ಬೇಕು ಅಂದ. ಒಳ್ಳೆ ಹುಡುಗ. ಇಬ್ಬರೂ ಸೇರಿ ಕಲ್ಲು ತೆಗೆದ್ವಿ."

"ನನಗೆ ಯಾಕೆ ಹೇಳ್ಲಿಲ್ಲ? ಒಂದೇ ಮನೇಲಿ ಇದ್ದೀವಿ. ದಿನಾ ನನ್ನ ಎದುರಿಗೆ ಕೂತು ಊಟ ಮಾಡ್ದೆ!"

ಮುದುಕ ಮಗಳ ಹೆಗಲ ಪಟ್ಟಿಯನ್ನು, ಸೊಂಟದ ಬೆಲ್ಟನ್ನು ನೋಡಿದ.

"ಮಗಳಾಗಿ ಕೇಳಿದ್ರೆ ಸುಳ್ಳು ಹೇಳ್ತೀನಿ, ಬುರುಲ್. ಇಷ್ಟು ದಿನ ಹೇಳಿದ್ದೂ ಅದನ್ನೇ. ಪೊಲೀಸಾಗಿ ಕೇಳು."

ಗಾಳಿ ನಿಂತಿತ್ತು. ಬುರುಲ್ ಅಂಗಿಯ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನಿಮ್ಮ ಪೂರ್ತಿ ಹೆಸರು ಹೇಳಿ."

ಜುಮಾಶ್ ಎದ್ದು ನಿಂತ.

"ಜುಮಾಶ್ ತೊರೊಬೆಕೊವ್."

"ಕಲ್‌ಮುರ್ಜಾ ಎಲ್ಲಿ ಸತ್ತ?"

"ಈ ಬೆಟ್ಟದ ಒಳಗೆ. ನೀರಿನ ಪಕ್ಕದಲ್ಲಿ."

"ನೀವು ಕಣ್ಣಾರೆ ನೋಡಿದ್ರಾ?"

"ಇಲ್ಲ. ಅವನ ಕೆಲಸ ಶುರು ಮಾಡಿಸಿ ನಾನು ಹೊರಗೆ ಬಂದೆ, ತಣ್ಣಗೆ ಮೊಣಕಾಲು ಹಿಡ್ಕೊಂಡಿತ್ತು. ಅಲ್ಲಿ ಪೊದೆಯ ನೆರಳಲ್ಲಿ ಕೂತಿದ್ದೆ. ಯಾರೋ ನನ್ನ ಹಿಂದಿಂದ ಒಳಗೆ ಹೋಗಿದ್ದು ಕಾಣಲಿಲ್ಲ. ಕೂಗು ಕೇಳಿಸ್ತು. ನನ್ನ ಕಿವಿಗೂ ಕೇಳಿಸ್ತು ಅಂದ್ರೆ ಎಂಥ ಕೂಗು ಅಂತ ನೀವೇ ಲೆಕ್ಕ ಹಾಕಿ."

ಹುಟ್ಟಿದಂದಿನಿಂದ ಅಪ್ಪ ಅವಳನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

"ಶವವನ್ನ ಕ್ವಾರಿಯ ತಳಕ್ಕೆ ತಂದವರು ಯಾರು?"

"ನಾನು."

"ಒಬ್ರೇನಾ?"

"ಈ ವಯಸ್ಸಲ್ಲಿ ಒಬ್ಬನೇ ಹೇಗೆ ಹೊರಲಿ? ತಲೆ ಕಡೆ ನಾನು ಹಿಡಿದೆ."

"ಕಾಲಿನ ಕಡೆ ಹಿಡಿದವರು?"

ಜುಮಾಶ್ ಮೊದಲ ಸಲ ಮಗಳಿಂದ ಕಣ್ಣು ಕಿತ್ತು, ಅವಳ ಹೆಗಲಾಚೆ ನೋಡಿದ. ಅಲ್ಲಿ ತುರ್ದಾಕುನ್ ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ.

"ಸತ್ತವನು ಹೇಗೂ ಎದ್ದು ಬರಲ್ಲ, ಬದುಕಿರೋನನ್ನಾದರೂ ಉಳಿಸೋಣ ಅಂದ್ಕೊಂಡೆ. ತಪ್ಪು ಮಾಡಿದೆ," ಎಂದ ಮುದುಕ. "ಅವನ ಹೆಸರು ಹೇಳ್ತೀನಿ. ಆದ್ರೆ ತುರ್ದಾಕುನ್ ಎದುರಿಗೆ ಹೇಳಲಾರೆ. ಮೊದಲು ಅವನನ್ನ ಕೆಳಗೆ ಕಳಿಸಿ."

"ಯಾಕೆ ಬೈಕೆ?" ತುರ್ದಾಕುನ್ ಒಂದು ಹೆಜ್ಜೆ ಮುಂದಿಟ್ಟ. ಮುಖದಲ್ಲಿ ಇನ್ನೂ ನಗುವಿನಂಥದ್ದೇನೋ ಉಳಿದಿತ್ತು. "ನನ್ನೆದುರಿಗೆ ಯಾಕಾಗಲ್ಲ?"

ಬುರುಲ್ ತಿರುಗಿ ಅವನನ್ನು ನೋಡಲಾರದೆ ಕಿಂಡಿಯ ಕತ್ತಲನ್ನೇ ನೋಡುತ್ತ ನಿಂತಳು.

"ನಮ್ಮ ಹುಡುಗ ಕುಬತ್ ಬೆಳಗ್ಗೆಯೇ ಏರ್‌ಪೋರ್ಟಿಗೆ ಹೋದ," ಎಂದ ತುರ್ದಾಕುನ್, ಯಾರೂ ಕೇಳದಿದ್ದರೂ. "ಯಾರನ್ನೋ ಕರ್ಕೊಂಡು ಬರ್ತೀನಿ ಅಂದ."